ತಂತಿಯ ಆಸರೆಯಿಲ್ಲದ ಹಾಯಿಕಂಬದಲ್ಲಿ ‘ಟಕ್’ ಸದ್ದು: ದೋಷ ಹುಡುಕುವ ಬಗೆ

ಲಂಗರು ಹಾಕಿ ಮಲಗಿದ್ದೀರಿ. ಗಾಳಿ ಇಲ್ಲ, ಹಾಯಿ ಮಡಚಿ ಕಟ್ಟಿದೆ. ನದಿಯ ಬಾಯಿಂದ ಒಂದು ಉಬ್ಬಲೆ ಒಳಗೆ ಬಂದು ದೋಣಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತದೆ. ತಲೆಯ ಮೇಲೆ, ಕಂಬ ಡೆಕ್ಕನ್ನು ತೂರಿ ಕೆಳಗಿಳಿಯುವ ಜಾಗದಲ್ಲಿ, ‘ಟಕ್’. ಮುಂದಿನ ಅಲೆಗೆ ಮತ್ತೆ ‘ಟಕ್’. ಬೆಳಿಗ್ಗೆ ಹಾಯಿ ಎತ್ತಿ ಹೊರಟರೆ ಸದ್ದೇ ಇಲ್ಲ. ಸಂಜೆ ಲಂಗರಿಗೆ ಬಂದರೆ ಮತ್ತೆ ಶುರು.

ಈ ಬರಹ ಆ ಸದ್ದಿನ ಕುರಿತು. ಸುತ್ತ ತಂತಿ ಕಟ್ಟಿ ನಿಲ್ಲಿಸಿದ ಸಾಮಾನ್ಯ ಕಂಬಕ್ಕಲ್ಲ. ತಂತಿಯೇ ಇಲ್ಲದೆ ತನ್ನ ಬುಡದ ಬಲದ ಮೇಲೆ ನಿಲ್ಲುವ ಕಂಬಕ್ಕೆ. ಅಡ್ಡಪಟ್ಟಿಗಳಿರುವ ಚೀನೀ ಜಂಕ್ ಹಾಯಿ ಕಟ್ಟಿದ ದೋಣಿಗಳಲ್ಲಿ, ಹಾಯಿಯನ್ನು ಎರಡೂ ಪಕ್ಕದಿಂದ ಬಳಸುವ ಕವಲು ಬೂಮಿನ (ಹಾಯಿಯನ್ನು ಬಿಡಿಸಿ ಹಿಡಿಯುವ ದಂಡ) ಕೆಲವು ದೋಣಿಗಳಲ್ಲಿ ಇಂಥ ಕಂಬ ಇರುತ್ತದೆ. ಗೋವಾದ ನದಿಗಳಲ್ಲಿ ಇವು ಅಪರೂಪ. ಅಪರೂಪವಾದ್ದರಿಂದಲೇ ರಿಪೇರಿಗೆ ಬಂದವರು ತಮಗೆ ಗೊತ್ತಿರುವ ತಂತಿಯ ಕಂಬದ ಲೆಕ್ಕವನ್ನೇ ಇದಕ್ಕೂ ಹಾಕುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದೆ, ಅದರಿಂದ ಒಬ್ಬರ ಡೆಕ್ಕು ಬಿರುಕು ಬಿಟ್ಟಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸದ್ದು ಕೇಳಿದ ಕೂಡಲೇ ಎರಡು ಕೆಲಸ ಮಾಡಬೇಡಿ. ಸುತ್ತಿಗೆ ತಂದು ಬೆಣೆ ಬಿಗಿಯಬೇಡಿ. ಯಾರೋ ಹೇಳಿದರೆಂದು ಕಂಬಕ್ಕೆ ತಂತಿ ಎಳೆಸಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಕಂಬ ನಿಂತಿರುವುದು ಹೇಗೆ

ತಂತಿಯಿಲ್ಲದ ಕಂಬಕ್ಕೆ ಆಸರೆ ಎರಡೇ ಕಡೆ. ಒಂದು, ಡೆಕ್ಕಿನಲ್ಲಿ ಕಂಬ ತೂರುವ ತೂತು. ಯಾರ್ಡಿನಲ್ಲಿ ಪಾರ್ಟ್‌ನರ್ಸ್ ಅನ್ನುತ್ತಾರೆ, ನಾವು ಕೆಲಸದ ಮಾತಿನಲ್ಲಿ ಕೊರಳು ಅನ್ನುತ್ತೇವೆ. ಇನ್ನೊಂದು, ದೋಣಿಯ ತಳದಲ್ಲಿ ಕಂಬದ ಬುಡ ಕೂರುವ ದಿಮ್ಮಿ. ಅದು ಸ್ಟೆಪ್, ನಮ್ಮ ಬಾಯಲ್ಲಿ ಪೀಠ. ಕೊರಳಲ್ಲಿ ಕಂಬದ ಸುತ್ತ ಮರದ ಬೆಣೆ ಹೊಡೆದಿರುತ್ತಾರೆ. ಪೀಠದಲ್ಲಿ ಬುಡ ಅಲುಗದಂತೆ, ತಿರುಗದಂತೆ ಗುಳಿ ತೋಡಿರುತ್ತಾರೆ.

ಮಧ್ಯಾಹ್ನದ ಗಾಳಿಗೆ ಹಾಯಿಯ ಮೇಲೆ 100 ಕಿಲೋ ತಳ್ಳುವಷ್ಟು ಬಲ ಬಿತ್ತು, ಅದು ಡೆಕ್ಕಿನಿಂದ 4 ಮೀಟರ್ ಎತ್ತರದಲ್ಲಿ ಬಿತ್ತು ಅಂದುಕೊಳ್ಳಿ. ಕೊರಳಿಂದ ಪೀಠಕ್ಕೆ 1.2 ಮೀಟರ್ ಅಂತರ. ಆಗ ಬುಡ ಪೀಠವನ್ನು ಒಂದು ಕಡೆಗೆ ಸುಮಾರು 333 ಕಿಲೋ ಬಲದಿಂದ ಒತ್ತುತ್ತದೆ. ಕೊರಳು ಎದುರು ದಿಕ್ಕಿಗೆ ಸುಮಾರು 433 ಕಿಲೋ ತಡೆಯಬೇಕು. ನೂರು ಕಿಲೋ ಗಾಳಿ ಒಳಗೆ ಬರುವಷ್ಟರಲ್ಲಿ ಮೂರು ನಾಲ್ಕು ಪಟ್ಟು ಆಗಿರುತ್ತದೆ. ಅದೇ ಅಂತರ 60 ಸೆಂಟಿಮೀಟರ್ ಇದ್ದರೆ ಈ ಬಲಗಳು 667 ಮತ್ತು 767 ಕಿಲೋಗೆ ಏರುತ್ತವೆ. ಕಂಬದ ಉದ್ದದಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಡೆಕ್ಕಿನ ಕೆಳಗಿರಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಇಷ್ಟು ಬಲ ಎರಡೇ ಜಾಗದಲ್ಲಿ ಬೀಳುವಾಗ ಒಂದು ಕಡೆ ಸಡಿಲಾದರೆ ಪೆಟ್ಟು ಇನ್ನೊಂದು ಕಡೆಗೂ ತಟ್ಟುತ್ತದೆ. ಜೊತೆಗೆ, ಅಲ್ಯೂಮಿನಿಯಂ ಕೊಳವೆ ಸದ್ದನ್ನು ಉದ್ದಕ್ಕೂ ಒಯ್ಯುತ್ತದೆ. ಪೀಠದಲ್ಲಿ ಬಡಿದದ್ದು ಕೊರಳಲ್ಲಿ ಬಡಿದಂತೆ ಕೇಳುತ್ತದೆ. ನನ್ನನ್ನು ದಾರಿ ತಪ್ಪಿಸಿದ್ದು ಇದೇ.

ಗೋವಾದ ಜುವಾರಿ ನದಿಯಲ್ಲಿ ಆದದ್ದು

ದೋಣಿ ಸುಮಾರು 8 ಮೀಟರಿನದು, ಫೈಬರ್ ಮೈ. ಒಂದೇ ಕಂಬ, ಒಂದೇ ಜಂಕ್ ಹಾಯಿ. ಕಂಬ 150 ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ ಕೊಳವೆ, ಡೆಕ್ಕಿನ ಮೇಲೆ 9 ಮೀಟರ್. ಯಜಮಾನರು ಹುಬ್ಬಳ್ಳಿ ಕಡೆಯವರು, ಹಡಗಿನಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ದೀಪಾವಳಿ ಕಳೆದು ಮೂರು ವಾರಕ್ಕೆ ನನಗೆ ಫೋನ್ ಮಾಡಿದರು.

ದೀಪಾವಳಿ ಕಳೆದು ಅಂದದ್ದನ್ನು ಗಮನಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕರಾವಳಿಯ ಗಾಳಿಯಲ್ಲಿ ನೀರೇ ನೀರು. ಕೊರಳಿನ ಮರದ ಬೆಣೆಗಳು ನೀರು ಹೀರಿ ಊದಿ ಕಂಬವನ್ನು ಗಟ್ಟಿ ಹಿಡಿದಿರುತ್ತವೆ. ಮಳೆ ನಿಂತು ಬಿಸಿಲು ಕಾದು, ರಾತ್ರಿ ನೆಲದ ಕಡೆಯಿಂದ ಒಣಗಾಳಿ ಬೀಸತೊಡಗಿದಾಗ ಅವೇ ಬೆಣೆಗಳು ಸೊರಗುತ್ತವೆ. ನವೆಂಬರ್ ಡಿಸೆಂಬರಿನಲ್ಲಿ ಕಂಬ ಸದ್ದು ಮಾಡಿತು ಅಂದರೆ ಯಾರಿಗಾದರೂ ಮೊದಲು ಹೊಳೆಯುವುದು ಬೆಣೆಯೇ. ನನಗೂ ಅದೇ ಹೊಳೆಯಿತು. ಹೋದೆ, ನೀರು ಇಳಿಯದಂತೆ ಕೊರಳಿನ ಮೇಲೆ ಕಂಬಕ್ಕೆ ಸುತ್ತಿದ್ದ ಲಾರಿ ಟ್ಯೂಬಿನ ಪಟ್ಟಿ ಬಿಚ್ಚಿದೆ, ಎರಡು ಬೆಣೆ ಕೈಯಲ್ಲೇ ಅಲುಗಾಡಿದವು. ಮರದ ಸುತ್ತಿಗೆಯಿಂದ ಸುತ್ತಲೂ ಬಿಗಿದೆ. ಸದ್ದು ನಿಂತಿತು. ಯಜಮಾನರು ಚಹಾ ಕೊಟ್ಟರು.

ನಾಲ್ಕು ದಿನ ಸುಮ್ಮನಿತ್ತು. ಐದನೆಯ ದಿನ ಮತ್ತೆ ‘ಟಕ್’, ಈ ಸಲ ಮೊದಲಿಗಿಂತ ಜೋರು. ಇನ್ನಷ್ಟು ಬಿಗಿದೆ. ಅದಾದ ವಾರಕ್ಕೆ ಕೊರಳಿನ ಮುಂದಿನ ಅಂಚಿನಲ್ಲಿ ಡೆಕ್ಕಿನ ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಕಾಣಿಸಿತು. ಉಗುರು ಹಾಕಿ ಎಳೆದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಬಣ್ಣದ ಗೆರೆಯಲ್ಲ, ಫೈಬರಿನದೇ ಬಿರುಕು. ಆ ಹೊತ್ತಿಗೆ ಕಂಬ, ತಂತಿ ಕಟ್ಟುವ ಕೆಲಸದ ಒಬ್ಬ ರಿಗ್ಗರ್ ಬಂದು ನೋಡಿ, ‘ಇದಕ್ಕೆ ಎರಡೂ ಪಕ್ಕ ತಂತಿ ಹಾಕಿಸಿ, ಎಲ್ಲ ಸರಿಹೋಗುತ್ತದೆ’ ಅಂದು ಹೋಗಿದ್ದರು. ಯಜಮಾನರು ತಂತಿಯ ದರ ವಿಚಾರಿಸಲು ಶುರುಮಾಡಿದ್ದರು.

ನನ್ನ ಜೊತೆ ಗದಗ ಕಡೆಯ ಹುಡುಗನೊಬ್ಬ ಕೆಲಸ ಮಾಡುತ್ತಾನೆ. ಬೈನಾದಲ್ಲಿ ಅವನ ಅಕ್ಕನ ಮನೆ. ಒಂದು ರಾತ್ರಿ ದೋಣಿಯಲ್ಲೇ ಉಳಿದೆವು. ಅವನು ಮುಂದಿನ ಕೋಣೆಯಲ್ಲಿ ಬರಿಗಾಲಲ್ಲಿ ನಿಂತಿದ್ದ, ನಾನು ಕೊರಳಿಗೆ ಕಿವಿಯಿಟ್ಟು ಕೂತಿದ್ದೆ.

‘ಅಣ್ಣಾ, ಸಪ್ಪಳ ಮ್ಯಾಲೆ ಕೇಳಸ್ತೈತಿ. ಆದ್ರ ಅಂಗಾಲಿಗೆ ಬಡದಂಗ ಆಗೋದು ಇಲ್ಲೇ, ಕೆಳಗ.’

‘ಎಲ್ಲಿ ತಮ್ಮಾ?’

ಅವನು ಪೀಠದ ಪಕ್ಕದ ಹಲಗೆಯ ಮೇಲೆ ಕಾಲಿಟ್ಟಿದ್ದ. ನಾನು ಇಳಿದು ಅಲ್ಲಿ ಅಂಗೈ ಇಟ್ಟೆ. ಅಲೆ ಬಂತು. ಕಿವಿಗೆ ‘ಟಕ್’ ಮೇಲಿಂದ, ಕೈಗೆ ಪೆಟ್ಟು ಕೆಳಗಿಂದ, ಎರಡೂ ಒಂದೇ ಗಳಿಗೆಯಲ್ಲಿ.

ಮರುದಿನ ವಾಸ್ಕೋ ಮಾರುಕಟ್ಟೆಯಿಂದ ರಂಗೋಲಿ ಪುಡಿ ತಂದೆವು. ಪೀಠದ ಮೇಲೆ ಕಂಬದ ಬುಡದ ಸುತ್ತ ಬೆರಳಗಲ ಸಾಲು ಸುರಿದು ಬಿಟ್ಟೆವು. ರಾತ್ರಿ ಉಬ್ಬರದಲ್ಲಿ ದೋಣಿ ತೂಗಾಡಿತು. ಬೆಳಿಗ್ಗೆ ನೋಡಿದರೆ ಮುಂದೆ ಹಿಂದೆ ಪುಡಿ ಹಾಗೇ ಇದೆ. ಎಡಬಲದಲ್ಲಿ ಬುಡದ ಅಂಚು ಪುಡಿಯನ್ನು ತಳ್ಳಿ ನೀಟಾದ ಅರ್ಧಚಂದ್ರ ಬಿಡಿಸಿತ್ತು. ಅಳೆದೆ, 6 ಮಿಲಿಮೀಟರ್. ಪೀಠದಲ್ಲಿ 6 ಮಿಲಿಮೀಟರ್ ಸರಿದರೆ, 1.2 ಮೀಟರಿಗೆ 9 ಮೀಟರಿನ ಲೆಕ್ಕದಲ್ಲಿ, ಕಂಬದ ತುದಿ ನಾಲ್ಕೂವರೆ ಸೆಂಟಿಮೀಟರ್ ಓಲಾಡುತ್ತದೆ.

ಕಂಬ ಎತ್ತಿ ನೋಡಿದಾಗ ಕಾರಣ ಗೊತ್ತಾಯಿತು. ಪೀಠದ ಗುಳಿಯಿಂದ ನೀರು ಹರಿದುಹೋಗಲು ಒಂದು ತೂತು ಇತ್ತು. ಹಿಂದೆ ಯಾವಾಗಲೋ ಡೆಕ್ಕಿನ ಕೆಲಸ ಮಾಡುವಾಗ ಬಿದ್ದ ಮರದ ಪುಡಿ, ಎಪಾಕ್ಸಿ ಅಂಟಿನ ಹನಿ ಅದನ್ನು ಮುಚ್ಚಿಬಿಟ್ಟಿದ್ದವು. ಕೊಳವೆಯ ತುದಿಯಲ್ಲಿ ಹಗ್ಗ ಹೋಗುವ ಸೀಳಿನಿಂದ ಮಳೆನೀರು ಒಳಗಿಳಿದು ಗುಳಿಯಲ್ಲಿ ಎರಡು ಮೂರು ಮಳೆಗಾಲ ನಿಂತಿತ್ತು. ಉಪ್ಪುನೀರಾಗಿದ್ದರೆ ಮರ ಇಷ್ಟು ಬೇಗ ಕೊಳೆಯುತ್ತಿರಲಿಲ್ಲ. ಮರವನ್ನು ತಿನ್ನುವುದು ನಿಂತ ಸಿಹಿನೀರು. ಗುಳಿಯ ಗೋಡೆಗೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಹಳೆಯ ರಾಗಿಮುದ್ದೆಗೆ ಬೆರಳಿಟ್ಟ ಹಾಗೆ ಒಳಗೆ ಹೋಯಿತು.

ಬುಡ ಸಡಿಲಾಗಿದ್ದಾಗ ನಾನು ಕೊರಳನ್ನು ಬಿಗಿಯುತ್ತಾ ಹೋದೆ. ಬುಡ ಮಾಡಬೇಕಾದ ಕೆಲಸದ ಒಂದು ಪಾಲೂ ಕೊರಳಿಗೇ ಬಿತ್ತು, ಡೆಕ್ಕು ಸೀಳಿತು. ಆ ಬಿರುಕಿಗೆ ನಾನೇ ಕಾರಣ. ಅದರ ರಿಪೇರಿಗೆ ಕೂಲಿ ತೆಗೆದುಕೊಳ್ಳಲಿಲ್ಲ.

ನಿಮ್ಮ ದೋಣಿಯಲ್ಲಿ ಹುಡುಕುವುದು

ಮೊದಲು ಸದ್ದನ್ನೇ ಸರಿಯಾಗಿ ಕೇಳಿ. ಕಂಬದ ಸದ್ದೆಲ್ಲ ಒಂದೇ ಅಲ್ಲ.

ಹಗುರವಾಗಿ, ಗಾಳಿಯ ಜೊತೆ ‘ತಟತಟ’ ಅಂದರೆ ಅದು ಹಾಯಿ ಎತ್ತುವ ಹಗ್ಗ ಕಂಬಕ್ಕೆ ಬಡಿಯುವುದು. ಎಲ್ಲ ಹಗ್ಗಗಳನ್ನೂ ಒಂದು ದಾರದಿಂದ ಪಕ್ಕದ ಕಂಬಿಗೆ ಎಳೆದು ಕಟ್ಟಿ ಮತ್ತೆ ಕೇಳಿ. ನಿಂತರೆ ಅಲ್ಲಿಗೆ ಕೆಲಸ ಮುಗಿಯಿತು.

ನೀರು ಕದಡದೆ ಇರುವಾಗ, ಒಂದೇ ಸಮನೆ ಗಾಳಿ ಬೀಸುವಾಗ ಕಂಬ ಗುನುಗಿದರೆ, ಇಡೀ ದೋಣಿ ಸಣ್ಣಗೆ ನಡುಗಿದರೆ, ಅದು ಸಡಿಲಿನ ದೋಷವಲ್ಲ. ದುಂಡು ಕಂಬದ ಎರಡೂ ಪಕ್ಕದಿಂದ ಗಾಳಿಯ ಸುಳಿಗಳು ಸರದಿಯಲ್ಲಿ ಕಳಚುತ್ತವೆ. 150 ಮಿಲಿಮೀಟರ್ ಕಂಬಕ್ಕೆ ಸೆಕೆಂಡಿಗೆ 5 ಮೀಟರ್ ಗಾಳಿ ಬಂದರೆ ಸೆಕೆಂಡಿಗೆ ಆರೇಳು ಸಲ ಈ ಎಳೆತ ಬೀಳುತ್ತದೆ. ಈ ಲಯ ಕಂಬದ ಸ್ವಂತ ಲಯಕ್ಕೆ ಹೊಂದಿದ ದಿನ ಕಂಬ ಕುಣಿಯುತ್ತದೆ. ತಂತಿಯಿಲ್ಲದ ಕಂಬದಲ್ಲಿ ಈ ಕುಣಿತವನ್ನು ತಡೆಯಲು ಬೇರೇನೂ ಇಲ್ಲ. ಪರಿಹಾರ ಸುಲಭ: ದಪ್ಪ ಹಗ್ಗವೊಂದನ್ನು ಕಂಬಕ್ಕೆ ಬಳ್ಳಿಯ ಹಾಗೆ ಓರೆಯಾಗಿ ಸುತ್ತಿ ಮೇಲೆಳೆದು ಕಟ್ಟಿ. ಕಾರ್ಖಾನೆಯ ಎತ್ತರದ ಉಕ್ಕಿನ ಚಿಮಣಿಗಳಿಗೆ ಸುತ್ತು ಪಟ್ಟಿ ಬೆಸೆದಿರುವುದನ್ನು ನೋಡಿದ್ದೀರಲ್ಲ, ಅದೂ ಇದಕ್ಕೇ. ಸುಳಿಗಳ ಸಾಲು ಒಡೆಯುತ್ತದೆ, ಗುನುಗು ನಿಲ್ಲುತ್ತದೆ.

ಹಾಯಿ ಎತ್ತಿ ವಾಲಿ ಹೋಗುವಾಗ ‘ಕಿರ್’ ಎಂದು ಉದ್ದಕ್ಕೆ ಎಳೆದರೆ ಮರಕ್ಕೆ ಮರ ಉಜ್ಜುತ್ತಿದೆ, ಇಲ್ಲವೇ ಕೊರಳಿನ ಸುತ್ತ ಡೆಕ್ಕು ಬಾಗುತ್ತಿದೆ. ಆಗ ಡೆಕ್ಕನ್ನು ಪರೀಕ್ಷಿಸಿ. ಸ್ಪ್ಯಾನರಿನ ಹಿಡಿಯಿಂದ ಕೊರಳಿನ ಸುತ್ತ ಅಂಗುಲಕ್ಕೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ‘ಟಣ್’ ಅನ್ನುತ್ತದೆ, ಒಳಗಿನ ಪ್ಲೈವುಡ್ ನೀರು ಕುಡಿದು ಸತ್ತ ಜಾಗ ‘ಥಪ್’ ಅನ್ನುತ್ತದೆ. ಸೀಮೆಸುಣ್ಣದಿಂದ ಗಡಿ ಗೀಚುತ್ತಾ ಹೋದರೆ ಕೊನೆಗೆ ನಕ್ಷೆಯೇ ಸಿಗುತ್ತದೆ.

ಲಂಗರಿನಲ್ಲಿ ಅಲೆಗೊಂದು ‘ಟಕ್’, ಹಾಯಿ ಎತ್ತಿದಾಗ ಮೌನ: ಇದು ಸಡಿಲು. ಹಾಯಿ ಎತ್ತಿದಾಗ ಗಾಳಿ ಕಂಬವನ್ನು ಒಂದೇ ಕಡೆಗೆ ಒತ್ತಿ ಹಿಡಿಯುವುದರಿಂದ ಸದ್ದಿಗೆ ಅವಕಾಶವಿಲ್ಲ. ಮೌನವಾಗಿದೆ ಎಂದು ಸರಿಯಾಗಿದೆ ಅಂದುಕೊಳ್ಳಬೇಡಿ.

ಸಡಿಲು ಎಂದು ತೀರ್ಮಾನವಾದ ಮೇಲೆ ಹುಡುಕಾಟ ಬುಡದಿಂದ ಶುರುವಾಗಲಿ. ಇಬ್ಬರು ಬೇಕು. ಒಬ್ಬರು ಡೆಕ್ಕಿನ ಒಂದು ಅಂಚಿನಿಂದ ಇನ್ನೊಂದಕ್ಕೆ ನಡೆದಾಡಿ ದೋಣಿಯನ್ನು ತೂಗಲಿ. ಇನ್ನೊಬ್ಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೀಠಕ್ಕೂ ಹಿಡಿಯನ್ನು ಕಿವಿಗೂ ಇಟ್ಟು ಕೇಳಲಿ, ಗ್ಯಾರೇಜಿನ ಮೆಕ್ಯಾನಿಕ್ ಎಂಜಿನ್ನಿಗೆ ಕಿವಿ ಕೊಡುವ ಹಾಗೆ. ಆಮೇಲೆ ಅದನ್ನೇ ಕೊರಳಿನ ಕೆಳಗೆ. ಎಲ್ಲಿ ಸದ್ದು ಮೊಂಡಾಗಿಯೂ ಪೆಟ್ಟು ಗಟ್ಟಿಯಾಗಿಯೂ ಇದೆಯೋ ಅದು ಮೂಲ. ಎಲ್ಲಿ ಸದ್ದು ಹರಿತವಾಗಿದ್ದು ಕೈಗೆ ಪೆಟ್ಟಿಲ್ಲವೋ ಅದು ಬರೀ ಪ್ರತಿಧ್ವನಿ. ಖಚಿತವಾಗದಿದ್ದರೆ ರಂಗೋಲಿ ಪುಡಿ ಇದ್ದೇ ಇದೆ. ಪೀಠ ಒದ್ದೆಯಿದ್ದರೆ ಪುಡಿ ಅಂಟಿಕೊಂಡು ಮೋಸ ಮಾಡುತ್ತದೆ, ಮೊದಲು ಬಟ್ಟೆಯಿಂದ ಒರೆಸಿ ಒಂದು ದಿನ ಒಣಗಿಸಿ.

ಬುಡ ತಿರುಗುತ್ತಿದೆಯೇ ಎಂದು ನೋಡುವುದೂ ಅಷ್ಟೇ ಮುಖ್ಯ. ಹಾಯಿ ಕಂಬವನ್ನು ಬಾಗಿಸುವುದಲ್ಲದೆ ತಿರುಚುತ್ತದೆ ಕೂಡ. ಕೊಳವೆಯಿಂದ ಡೆಕ್ಕಿನವರೆಗೆ ಒಂದು ನೇರ ಪೆನ್ಸಿಲ್ ಗೆರೆ ಎಳೆದು ಒಂದು ದಿನ ಹಾಯಿ ಹೂಡಿ ಬನ್ನಿ. ಗೆರೆ ಮುರಿದು ಎರಡಾಗಿದ್ದರೆ ಬುಡವನ್ನು ತಿರುಗದಂತೆ ಹಿಡಿಯುವ ಕೀಲಿಯೋ ಬೋಲ್ಟೋ ಸವೆದಿದೆ.

ಬುಡ ಗಟ್ಟಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ಕೊರಳಿಗೆ ಬನ್ನಿ. ಟ್ಯೂಬ್ ಪಟ್ಟಿ ಬಿಚ್ಚಿ. ಬೆಣೆಗಳಿಗೆ 1, 2, 3 ಎಂದು ಗುರುತು ಹಾಕದೆ ಒಂದನ್ನೂ ಕೀಳಬೇಡಿ. ಪ್ರತಿ ಬೆಣೆಯೂ ತನ್ನ ಜಾಗಕ್ಕೆ ತಕ್ಕಂತೆ ಸವೆದಿರುತ್ತದೆ. ಹ್ಯಾಕ್ಸಾ ಬ್ಲೇಡನ್ನು ಬೆಣೆಗೂ ಕಂಬಕ್ಕೂ ನಡುವೆ ತೂರಿಸಿ ನೋಡಿ. ಹೋದರೆ ಅಲ್ಲಿ ಬೆಣೆ ಇದ್ದೂ ಇಲ್ಲದ ಹಾಗೆ. ಎರಡೇ ಬೆಣೆ ಭಾರ ಹೊತ್ತು ಉಳಿದವು ಸುಮ್ಮನೆ ಕೂತಿದ್ದರೆ ಆ 433 ಕಿಲೋ ಬೆಂಕಿಪೊಟ್ಟಣದಷ್ಟು ಜಾಗದ ಮೇಲೆ ಬೀಳುತ್ತದೆ, ಕೊಳವೆಗೆ ತಗ್ಗು ಬೀಳುತ್ತದೆ.

ಬೆಣೆ ತೆಗೆದಾಗ ಕೊಳವೆಯ ಮೈ ನೋಡಿ. ಬಿಳಿ ಹಿಟ್ಟು ಕಂಡರೆ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತಿದೆ. ಸ್ಟೇನ್‌ಲೆಸ್ ಬೋಲ್ಟು, ಉಪ್ಪುನೀರು, ಅಲ್ಯೂಮಿನಿಯಂ ಮೂರೂ ಒಂದಾದ ಕಡೆ ಅಲ್ಯೂಮಿನಿಯಂ ತಾನು ಕರಗಿ ಬೋಲ್ಟನ್ನು ಉಳಿಸುತ್ತದೆ. ಹಿಟ್ಟು ಕೆರೆದು ಕೆಳಗೆ ಎಷ್ಟು ಆಳ ತಿಂದಿದೆ ನೋಡಿ. ಕೊಳವೆಯ ದಪ್ಪ 4 ಮಿಲಿಮೀಟರ್ ಇದ್ದು ಕೊರಳಿನ ಮಟ್ಟದಲ್ಲೇ 1 ಮಿಲಿಮೀಟರ್ ಹೋಗಿದ್ದರೆ ಆ ಕಂಬದಿಂದ ಹಾಯಿ ಎತ್ತಬೇಡಿ. ಕಂಬ ಅತಿ ಹೆಚ್ಚು ಬಾಗುವುದು ಸರಿಯಾಗಿ ಅಲ್ಲೇ.

ಸರಿಪಡಿಸಿದ್ದು

ತಂತಿಯಿಲ್ಲದ ಕಂಬ ಎತ್ತುವುದು ಸುಲಭ. ನಮ್ಮದು 50 ಕಿಲೋ ಆಸುಪಾಸು. ಜೆಟ್ಟಿಯ ಪಕ್ಕ ನಿಂತಿದ್ದ ಟ್ರಾಲರಿನ, ಭಾರ ಎತ್ತುವ ಡೆರಿಕ್‌ನಿಂದ ಅರ್ಧ ಗಂಟೆಯಲ್ಲಿ ಎತ್ತಿದೆವು. ಎತ್ತುವ ಮುಂಚೆ ಬುಡವನ್ನು ಪೀಠಕ್ಕೆ ಹಿಡಿದಿರುವ ಬೋಲ್ಟನ್ನೂ ಸಿಡಿಲನ್ನು ನೀರಿಗಿಳಿಸುವ ತಾಮ್ರದ ತಂತಿಯನ್ನೂ ಬಿಚ್ಚಲು ಮರೆಯಬೇಡಿ.

ಕೊಳೆತ ಮರವನ್ನು ಗಟ್ಟಿ ಮರ ಸಿಗುವ ತನಕ ಉಳಿಯಿಂದ ತೆಗೆದೆವು. ಬಡಿಗರು ಅಂಕೋಲೆಯವರು. ಹೆಬ್ಬಲಸಿನ ತುಂಡನ್ನು ಹೊಂದಿಸಿ ಕೂರಿಸಿದರು. ನಮ್ಮ ಕಡೆ ದೋಣಿಯ ಹಲಗೆಗೆ ತಲೆಮಾರುಗಳಿಂದ ಬಳಸುವ ಮರ ಅದು. ಹೊಸ ಗುಳಿಗೆ ಎರಡು ಕೈ ಎಪಾಕ್ಸಿ ಕುಡಿಸಿ, ಅಡಿಯಲ್ಲಿ ನೈಲಾನ್ ಬಿಲ್ಲೆ ಹಾಕಿದೆವು. ಬೋಲ್ಟಿಗೆ ನೈಲಾನ್ ಬುಶ್ ತೊಡಿಸಿ ಅಲ್ಯೂಮಿನಿಯಂನಿಂದ ಬೇರ್ಪಡಿಸಿದೆವು. ನೀರಿನ ತೂತನ್ನು ಕಿರುಬೆರಳು ಹೋಗುವಷ್ಟು ಅಗಲ ಮಾಡಿದೆವು.

ಬೆಣೆಗಳನ್ನು ಹೊಸದಾಗಿ ಮಾಡಿಸಿದೆ. ಬೆಣೆ ಅಂದರೆ ಸಣ್ಣ ಕೆಲಸವೆಂದು ಯಾರೂ ಅದಕ್ಕೆ ಹೊತ್ತು ಕೊಡುವುದಿಲ್ಲ, ನನಗದು ಸರಿಯೆನಿಸುವುದಿಲ್ಲ. ಮರದ ಎಳೆ ಉದ್ದಕ್ಕೇ ಇರಬೇಕು. ಕಂಬಕ್ಕೆ ತಾಗುವ ಮುಖವನ್ನು ಕಂಬದ ದುಂಡಿಗೆ ಸರಿಯಾಗಿ ಕೆತ್ತಬೇಕು, ಚಪ್ಪಟೆ ಬಿಟ್ಟರೆ ಅಂಚು ಮಾತ್ರ ತಾಗುತ್ತದೆ. ಇಳಿಜಾರು ತೀರಾ ಕಡಿಮೆ ಇರಲಿ. ಹೆಚ್ಚಿದ್ದರೆ ಪ್ರತಿ ಅಲೆಗೂ ಬೆಣೆ ಮೇಲಕ್ಕೆ ತೆವಳುತ್ತದೆ. ತಲೆಯಲ್ಲಿ ಒಂದು ತುಟಿ ಬಿಡಬೇಕು, ಕೆಳಗೆ ಜಾರಿ ಬೀಳದಂತೆ. ಕೆಳಗಿನ ಮೂಲೆಯ ಚೂಪು ತೆಗೆಯಬೇಕು, ಇಲ್ಲವಾದರೆ ಅದು ಕೊಳವೆಗೆ ಗೀರು ಹಾಕುತ್ತದೆ, ಸೀಳು ಹುಟ್ಟುವುದು ಗೀರಿನಿಂದಲೇ. ಬೆಣೆಗೂ ಕಂಬಕ್ಕೂ ನಡುವೆ ತೆಳು ರಬ್ಬರ್ ಹಾಳೆ ಇಟ್ಟೆವು. ಹೊಡೆಯುವಾಗ ಕಾರಿನ ಚಕ್ರದ ನಟ್ ಬಿಗಿಯುವ ಹಾಗೆ ಎದುರುಬದುರು, ಒಂದೊಂದಕ್ಕೆ ಎರಡೇ ಪೆಟ್ಟು. ಸದ್ದು ‘ಠಕ್ ಠಕ್’ ಇದ್ದದ್ದು ‘ಠಿಣ್’ ಆದಾಗ ಸಾಕು. ಮಳೆಗಾಲದಲ್ಲಿ ಮರ ಊದಲಿಕ್ಕೆ ಜಾಗ ಬೇಕು, ಆದ್ದರಿಂದ ಬೇಸಿಗೆಯಲ್ಲಿ ಜೀವ ಹೋಗುವಷ್ಟು ಬಿಗಿಯಬೇಡಿ.

ತಂತಿ ಹಾಕಿಸುವ ಮಾತು

ಇದಕ್ಕೆ ನನ್ನ ಉತ್ತರ ಬೇಡ ಅನ್ನುವುದೇ. ತಂತಿ ಕಂಬವನ್ನು ಪಕ್ಕಕ್ಕೆ ಹಿಡಿಯುವುದಲ್ಲದೆ ಕೆಳಕ್ಕೂ ಒತ್ತುತ್ತದೆ. ಬಾಗಿ ಬಳುಕಿ ಬಲವನ್ನು ಸಹಿಸುವಂತೆ ಮಾಡಿದ ಕಂಬವನ್ನು ನಡುವೆ ಒಂದು ಕಡೆ ಕಟ್ಟಿಹಾಕಿದರೆ ಆ ಕಟ್ಟಿನ ಮೇಲೆಯೇ ಮುರಿಯುವ ಜಾಗ ಹುಟ್ಟುತ್ತದೆ. ಆ ತಂತಿಯ ಕೆಳತುದಿಯನ್ನು ಡೆಕ್ಕಿನ ಅಂಚಿಗೆ ಕಟ್ಟಬೇಕಲ್ಲ, ಅಲ್ಲಿ ಅದನ್ನು ತಾಳುವ ಗಟ್ಟಿ ಇಲ್ಲ. ಜಂಕ್ ಹಾಯಿಯ ಒಂದು ಪಾಲು ಕಂಬದ ಮುಂದಕ್ಕೆ ಚಾಚಿರುತ್ತದೆ, ಹಾಯಿ ಎರಡೂ ಕಡೆ ತುಂಬ ದೂರ ತೆರೆಯುತ್ತದೆ. ತಂತಿ ಇದ್ದರೆ ಹಾಯಿ ಅದಕ್ಕೇ ಉಜ್ಜಿ ಹರಿಯುತ್ತದೆ.

ತಂತಿಯಿಲ್ಲದ ಕಂಬ ಸಾಗರಕ್ಕೆ ತಕ್ಕದ್ದಲ್ಲ ಎಂಬ ಮಾತೂ ಕೇಳುತ್ತೇನೆ. 1960ರಲ್ಲಿ ಅಟ್ಲಾಂಟಿಕ್ ದಾಟುವ ಮೊದಲ ಒಂಟಿ ನಾವಿಕರ ಪಂದ್ಯ ನಡೆದಾಗ ಬ್ಲಾಂಡಿ ಹ್ಯಾಸ್ಲರ್ 25 ಅಡಿಯ ‘ಜೆಸ್ಟರ್’ ದೋಣಿಯಲ್ಲಿ, ತಂತಿಯಿಲ್ಲದ ಒಂದೇ ಕಂಬಕ್ಕೆ ಜಂಕ್ ಹಾಯಿ ಕಟ್ಟಿ, 48 ದಿನದಲ್ಲಿ ದಾಟಿ ಎರಡನೆಯವರಾಗಿ ಬಂದರು. ಮೊದಲು ಬಂದ ಫ್ರಾನ್ಸಿಸ್ ಚಿಚೆಸ್ಟರ್ ಅವರ ದೋಣಿ ಅದಕ್ಕಿಂತ ಬಹಳ ದೊಡ್ಡದು, ಅವರಿಗೆ ಹಿಡಿದದ್ದು 40 ದಿನ. ಇತ್ತ ತಂತಿ ಇದ್ದ ಮಾತ್ರಕ್ಕೆ ಕಂಬ ಉಳಿಯುತ್ತದೆ ಎಂದೂ ಇಲ್ಲ. ಗೋವಾದಲ್ಲೇ ಕಟ್ಟಿದ ‘ತುರೀಯಾ’ ಸಾಂಪ್ರದಾಯಿಕ ತಂತಿಯ ದೋಣಿ. 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಉರುಳಿ ಕಂಬ ಕಳೆದುಕೊಂಡಿತು, ಅದರಲ್ಲಿ ಒಂಟಿಯಾಗಿ ಭೂಮಿ ಸುತ್ತುವ ಪಂದ್ಯಕ್ಕೆ ಹೊರಟಿದ್ದ ನಾವಿಕ ಅಭಿಲಾಷ್ ಟೋಮಿ ಬೆನ್ನಿಗೆ ಪೆಟ್ಟಾಗಿ ಮಲಗಿದ್ದಲ್ಲಿಂದ ಅವರನ್ನು ರಕ್ಷಿಸಬೇಕಾಯಿತು. ಯಾವ ಕಂಬಕ್ಕೂ ಅದರದೇ ಮಿತಿ ಇದೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕುಡಿಸುವುದು ಸರಿಯಲ್ಲ ಅನ್ನುವುದಷ್ಟೇ ನನ್ನ ಮಾತು.

ನಮ್ಮ ಕರಾವಳಿಯ ಹಳೆಯ ಹಾಯಿದೋಣಿಗಳಾದ ಪಡಾವು, ಮಚವೆಗಳನ್ನೇ ನೋಡಿ. ಮುಂದಕ್ಕೆ ವಾಲಿದ ಗಿಡ್ಡ ದಪ್ಪ ಕಂಬ, ಅದಕ್ಕೆ ಹಾಯಿ ತೂಗುವ ಉದ್ದನೆಯ ಓರೆ ಅಡ್ಡೆ. ಆಸರೆಯ ಹಗ್ಗಗಳು ಖಾಯಂ ಅಲ್ಲ. ಗಾಳಿ ಬರುವ ಕಡೆಗೆ ಬದಲಿಸಿ ಕಟ್ಟುವಂಥವು. ಕಂಬದ ಹೆಚ್ಚಿನ ಭಾರ ಹೊರುತ್ತಿದ್ದುದು ಕೊರಳು, ಪೀಠಗಳೇ. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹಡಗನ್ನು ಹಲಗೆಗೆ ಹಲಗೆ ಹಗ್ಗದಿಂದ ಹೊಲಿದು ಕಟ್ಟಿದ್ದು ಗೋವಾದಲ್ಲೇ. ಅದರ ಚೌಕ ಹಾಯಿಯ ಮೇಲೆ ಗಂಡಭೇರುಂಡ ನೋಡಿದ ದಿನದಿಂದ ನಮ್ಮ ಹುಡುಗರು ಹಳೆಯ ಹಾಯಿಗಳ ಬಗ್ಗೆ ಕೇಳತೊಡಗಿದ್ದಾರೆ. ನನಗೆ ಅದು ಖುಷಿಯ ಸಂಗತಿ.

ಕಂಬದ್ದೆಂದು ತೋರುವ ಹಾಯಿಯ ದೋಷ

ಕೆಲವೊಮ್ಮೆ ಕಂಬ ಗಟ್ಟಿಯಿದ್ದು ಹಾಯಿ ಕಾಟ ಕೊಡುತ್ತದೆ. ಜಂಕ್ ಹಾಯಿಯಲ್ಲಿ ಮೇಲಿನ ಮೂಲೆಯಿಂದ ಕೆಳಗಿನ ಎದುರು ಮೂಲೆಗೆ ಓರೆ ಸುಕ್ಕು ಬಿದ್ದರೆ ಕಂಬ ವಾಲಿದೆ ಎಂದು ಹೆದರಬೇಡಿ. ಹಾಯಿಯನ್ನು ಕಂಬದ ಹತ್ತಿರಕ್ಕೆ ಎಳೆದಿಡುವ ಹಗ್ಗಗಳನ್ನು ಒಂದೊಂದಾಗಿ ಎಳೆದು ಸಡಿಲಿಸಿ ನೋಡಿ, ಸುಕ್ಕು ಮಾಯವಾಗುತ್ತದೆ. ಹಾಯಿ ತಾನಾಗಿ ಕೆಳಗಿಳಿಯದಿದ್ದರೆ ಅದೇ ಹಗ್ಗಗಳು ತೀರಾ ಬಿಗಿಯಾಗಿವೆ, ಇಲ್ಲವೇ ಉಪ್ಪು ಕಟ್ಟಿ ಒರಟಾಗಿವೆ. ಒಂದು ಬಕೆಟ್ ಸಿಹಿನೀರಿನಲ್ಲಿ ನೆನೆಸಿ. ಹಾಯಿಯ ಅಡ್ಡಪಟ್ಟಿ ಮುರಿದಿದ್ದರೆ ಅದು ಕಂಬಕ್ಕೆ ಬಡಿದು ‘ಟಕ್’ ಅನ್ನುವುದುಂಟು, ಆದರೆ ಹಾಯಿ ಎತ್ತಿದಾಗ ಮಾತ್ರ. ಹೊಲಿಗೆಯನ್ನು ವರ್ಷಕ್ಕೊಮ್ಮೆ ಉಗುರಿನಿಂದ ಕೆರೆದು ನೋಡಿ. ನಮ್ಮ ಬಿಸಿಲಿಗೆ ಬಟ್ಟೆಗಿಂತ ಮೊದಲು ನೂಲು ಸಾಯುತ್ತದೆ.

ಬೇರೆ ವಿಚಿತ್ರ ಕಂಬಗಳ ಬಗ್ಗೆ ಎರಡು ಮಾತು. ಜೋಡಿ ಮೈಯ ವೇಗದ ದೋಣಿಗಳಲ್ಲಿ ರೆಕ್ಕೆಯಾಕಾರದ, ತಿರುಗುವ ಕಂಬ ಇರುತ್ತದೆ. ಅದರ ತಂತಿ ಸ್ವಲ್ಪ ಸಡಿಲವಾಗಿಯೇ ಇರಬೇಕು, ಅದನ್ನು ದೋಷವೆಂದು ಬಿಗಿದರೆ ಕಂಬ ತಿರುಗುವುದೇ ನಿಲ್ಲುತ್ತದೆ. ಅಲ್ಲಿ ಸದ್ದು ಬಂದರೆ ಬುಡದ ಗುಂಡು ಮತ್ತು ಅದರ ಬಟ್ಟಲಿನ ಸವೆತ ನೋಡಿ. ಎರಡು ಕಾಲಿನ ಕಂಬದಲ್ಲಿ ಒಂದು ಕಾಲು ಒತ್ತಿದಾಗ ಇನ್ನೊಂದು ಮೇಲಕ್ಕೆ ಎಳೆಯುತ್ತದೆ; ಆದ್ದರಿಂದ ಎಳೆತಕ್ಕೆ ಸಿಗುವ ಪಾದದ ಪಿನ್ನುಗಳನ್ನು ಮೊದಲು ಬಿಚ್ಚಿ ನೋಡಿ. ವಿಂಡ್‌ಸರ್ಫ್ ಹಲಗೆಯ ಕಂಬಕ್ಕೆ ಬುಡದಲ್ಲಿ ರಬ್ಬರಿನ ಕೀಲು. ಅದನ್ನು ಕೈಯಿಂದ ಪೂರ್ತಿ ಬಾಗಿಸಿ ಹಿಡಿದರೆ ಮಾತ್ರ ಬಿರುಕು ಬಾಯಿ ತೆರೆಯುತ್ತದೆ, ನೇರ ನಿಲ್ಲಿಸಿ ನೋಡಿದರೆ ಕಾಣದು. 2006ರ 88 ಮೀಟರಿನ ಹಾಯಿಹಡಗು ‘ಮಾಲ್ಟೀಸ್ ಫಾಲ್ಕನ್’ನಲ್ಲಂತೂ ತಂತಿಯಿಲ್ಲದ ಮೂರು ಕಾರ್ಬನ್ ಕಂಬಗಳು ಅಡ್ಡೆಗಳ ಸಮೇತ ಬುಡದಿಂದಲೇ ತಿರುಗುತ್ತವೆ. ಅಷ್ಟು ದೊಡ್ಡ ಕಂಬವಾದರೂ ಭಾರ ಇಳಿಯುವ ದಾರಿ ಅದೇ, ಕೊರಳಿಂದ ಪೀಠಕ್ಕೆ.

ಮತ್ತೆ ನೀರಿಗಿಳಿಸಿದ ಮೇಲೆ

ಮೊದಲ ದಿನ ಅರ್ಧ ಹಾಯಿ ಎತ್ತಿ, ವಾಯವ್ಯದ ಗಾಳಿ ಏರುವ ಮುಂಚೆ, ನದಿಯೊಳಗೇ ಎರಡು ಸುತ್ತು ಹಾಕಿದೆವು. ಬಂದು ಬೆಣೆಗಳಿಗೆ ಮತ್ತೆ ಒಂದೊಂದು ಪೆಟ್ಟು. ಹೊಸ ಬೆಣೆ ಮೊದಲ ಸಲ ಕೂರುವಾಗ ಕೊಂಚ ಇಳಿಯುವುದು ಸಹಜ. ಎರಡನೆಯ ದಿನ ಪೂರ್ತಿ ಹಾಯಿ. ಪೆನ್ಸಿಲ್ ಗೆರೆ ಮುರಿದಿರಲಿಲ್ಲ. ರಾತ್ರಿ ಲಂಗರಿನಲ್ಲಿ ಗದಗಿನ ಹುಡುಗ ಪೀಠದ ಪಕ್ಕ ಚಾಪೆ ಹಾಸಿಕೊಂಡು ಕಾಲಿಟ್ಟು ಮಲಗಿದ. ಬೆಳಿಗ್ಗೆ ಎಬ್ಬಿಸಿ ಕೇಳಿದರೆ, ‘ಏನೂ ಇಲ್ಲಣ್ಣಾ, ಚಂದ ನಿದ್ದಿ ಹತ್ತಿತ್ತು’ ಅಂದ. ಬಿರುಕಿನ ಎರಡೂ ತುದಿಗೆ ತೂತು ಕೊರೆದು, ಫೈಬರ್ ಕೆರೆದು, ಕೊರಳಿನ ಸುತ್ತ ಅಂಗೈ ಅಗಲದ ಬಟ್ಟೆ ನಾಲ್ಕು ಪದರ ಕೂರಿಸಿದ್ದು ಆಮೇಲಿನ ವಾರ.

ಈಗ ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರ ಆ ದೋಣಿಗೆ ಹೋಗುತ್ತೇನೆ. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾದರೆ ಟ್ರಾಲರುಗಳೆಲ್ಲ ಒಟ್ಟಿಗೆ ಜೆಟ್ಟಿಗೆ ಬಂದು ಡೆರಿಕ್ ಸಿಗುವುದಿಲ್ಲ, ಅದಕ್ಕೇ ಮುಂಚೆ. ಕಂಬದ ಬುಡದ ಹತ್ತಿರದ ಸೀಳಿನಿಂದ ಗುಳಿಗೆ ಒಂದು ಚೊಂಬು ನೀರು ಹುಯ್ದು ಗಡಿಯಾರ ನೋಡುತ್ತೇವೆ. ಒಂದು ನಿಮಿಷದೊಳಗೆ ಆ ನೀರು ಕೆಳಗೆ ದೋಣಿಯ ತಳದ ಬಿಲ್ಜಿನಲ್ಲಿ ಕಾಣಿಸಬೇಕು. ಕಾಣಿಸದಿದ್ದರೆ ಸೈಕಲ್ಲಿನ ಕಡ್ಡಿಯೊಂದನ್ನು ತೂತಿಗೆ ಹಾಕಿ ಆಡಿಸಿ, ಮತ್ತೊಂದು ಚೊಂಬು ಹುಯ್ಯುತ್ತೇವೆ.